ಹೋದ ಸಲದ ವಾಂತಿ ಲೆಕ್ಕ ಈ ಸಲ ನಡೆಯಲ್ಲ

ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು ನಾನು. ಅಳತೆ ಕೊಡಲು ಬರುವವರಲ್ಲಿ ತಿಂಗಳಿಗೆ ಒಬ್ಬರಾದರೂ ಬಸುರಿ ಇರುತ್ತಾರೆ. ಟೇಪು ಹಿಡಿದಾಗಲೇ ಮೆಲ್ಲಗೆ ಹೇಳುತ್ತಾರೆ, ‘ಅಕ್ಕ, ಒಳಗೆ ಬಟ್ಟೆ ಜಾಸ್ತಿ ಬಿಡಿ, ಆಮೇಲೆ ಬಿಚ್ಚಿಕೊಳ್ಳೋಕೆ ಬೇಕು.’ ಅಲ್ಲಿಂದ ಮಾತು ವಾಂತಿಗೆ ಬರುತ್ತದೆ. ಎರಡನೇ ಬಸಿರಾದರೆ ಪ್ರಶ್ನೆ ಒಂದೇ: ‘ಮೊದಲನೇದಕ್ಕೆ ಹೀಗಿರಲಿಲ್ಲ, ಈ ಸಲ ಯಾಕೆ ಹೀಗೆ?’

ನನಗೆ ಮೂರು ಮಕ್ಕಳು. ಮೂರೂ ಬಸಿರಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರುಗಳನ್ನು ಎತ್ತಿಟ್ಟಿದ್ದೇನೆ. ಹಾಲಿನ ಲೆಕ್ಕ ಬರೆಯುವ ಚೌಕದ ಮೂಲೆಯಲ್ಲೇ ಗುರುತು ಹಾಕುತ್ತಿದ್ದೆ. ಬರೀ ಹೊಟ್ಟೆ ತೊಳಸಿದರೆ ಚುಕ್ಕಿ, ವಾಂತಿಯಾದರೆ ಅಡ್ಡ ಗೀಟು. 2013ರದ್ದರಲ್ಲಿ ಎರಡು ತಿಂಗಳು ಗೀಟೇ ಗೀಟು. 2017ರದ್ದರಲ್ಲಿ ಹುಡುಕಿದರೆ ಐದು. 2021ರದ್ದರಲ್ಲಿ ಒಂದೊಂದು ಚೌಕದಲ್ಲಿ ಎಂಟು ಒಂಬತ್ತು ಗೀಟು. ಒಂದು ವಾರವಂತೂ ಏನೂ ಇಲ್ಲ, ಬರೀ ಖಾಲಿ. ಆ ವಾರ ಗೀಟು ಹಾಕಲು ಎದ್ದು ನಿಲ್ಲುವ ಶಕ್ತಿ ಇರಲಿಲ್ಲ.

ಅದಕ್ಕೇ ಬಂದವರಿಗೆಲ್ಲ ಮೊದಲು ಹೇಳುವುದು ಕ್ಯಾಲೆಂಡರ್ ವಿಷಯ. ನೆನಪನ್ನು ನಂಬಬೇಡಿ. ‘ಮೊದಲನೇ ಸಲ ನನಗೆ ವಾಂತಿಯೇ ಇರಲಿಲ್ಲ’ ಎನ್ನುವವರ ಅಮ್ಮನನ್ನು ಕೇಳಿ ನೋಡಿ, ಬೇರೆಯೇ ಕತೆ ಬರುತ್ತದೆ! ಹಿಂದಿನ ಸಲಕ್ಕೂ ಈ ಸಲಕ್ಕೂ ಹೋಲಿಸಲೇಬೇಕು ಅಂದರೆ ವಾರ ಹಿಡಿದು ಹೋಲಿಸಿ. ವಾರವನ್ನು ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸಬೇಕು, ಗೊತ್ತಾದ ದಿನದಿಂದಲ್ಲ. ಹೆಚ್ಚಿನವರಿಗೆ ಆರನೇ ವಾರದ ಆಸುಪಾಸಿನಲ್ಲಿ ಶುರುವಾಗುತ್ತದೆ. ಎಂಟರಿಂದ ಹತ್ತನೇ ವಾರ ಜೋರು. ಹನ್ನೆರಡು ಹದಿನಾಲ್ಕರ ಹೊತ್ತಿಗೆ ಇಳಿಯುತ್ತದೆ. ಕೆಲವರಿಗೆ ಇಪ್ಪತ್ತನೇ ವಾರದವರೆಗೂ ಎಳೆಯುತ್ತದೆ, ನನ್ನ ಮೂರನೇ ಸಲದ ಹಾಗೆ. ಎಂಟನೇ ವಾರದಲ್ಲಿ ಕೂತು ‘ಹೋದ ಸಲ ಇಷ್ಟಿರಲಿಲ್ಲ’ ಅಂದರೆ, ನೀವು ಜೋರಿನ ವಾರವನ್ನು ಇಡೀ ಒಂಬತ್ತು ತಿಂಗಳ ನೆನಪಿನ ಜೊತೆ ತೂಗುತ್ತಿದ್ದೀರಿ ಅಂತ ಅರ್ಥ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂಬತ್ತು ವಾರ ದಾಟುವವರೆಗೂ ಏನೂ ಇಲ್ಲದೆ, ಆಮೇಲೆ ಹೊಸದಾಗಿ ವಾಂತಿ ಶುರುವಾದರೆ ಅದನ್ನು ಬಸಿರಿನ ಲೆಕ್ಕಕ್ಕೇ ಬರೆಯಬೇಡಿ. ಮೂತ್ರದ ಸೋಂಕು, ಥೈರಾಯ್ಡ್, ಪಿತ್ತಕೋಶದ ಕಲ್ಲು, ಕಾಮಾಲೆ ಹೀಗೆ ಬೇರೆ ಕಾರಣ ಇರಬಹುದು. ಜ್ವರ, ಹೊಟ್ಟೆನೋವು ಇದ್ದರೂ ಅಷ್ಟೇ, ತೋರಿಸಿಕೊಳ್ಳಿ.

ಇನ್ನು ಅದೇ ಹೆಂಗಸಿಗೆ ಒಂದೊಂದು ಸಲ ಒಂದೊಂದು ಥರ ಯಾಕೆ? ನನಗೂ ಇದು ತಲೆ ತಿಂದ ಪ್ರಶ್ನೆ. 2023ರ ಕೊನೆಯಲ್ಲಿ ವಿಜ್ಞಾನಿಗಳು ಇದರ ಒಂದು ದೊಡ್ಡ ಎಳೆ ಹಿಡಿದರು. ಜಿಡಿಎಫ್15 ಅಂತ ಒಂದು ಹಾರ್ಮೋನು. ಬಸಿರಲ್ಲಿ ಅದು ಹೆಚ್ಚಾಗಿ ಮಗು ಮತ್ತು ಮಾಸಿನ ಕಡೆಯಿಂದ ತಾಯಿಯ ರಕ್ತಕ್ಕೆ ಬರುತ್ತದೆ, ಮಿದುಳಿನಲ್ಲಿ ವಾಂತಿ ತರಿಸುವ ಜಾಗಕ್ಕೆ ತಟ್ಟುತ್ತದೆ. ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಅದು ಕಡಿಮೆ ಇರುತ್ತದೋ ಅವರಿಗೆ ಅಭ್ಯಾಸ ಇರುವುದಿಲ್ಲ, ಪೆಟ್ಟು ಜೋರಾಗಿ ಬೀಳುತ್ತದೆ. ಬೀಟಾ ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ಒಂದು ರಕ್ತದ ಕಾಯಿಲೆ) ಇರುವ ಹೆಂಗಸರಲ್ಲಿ ಮೊದಲಿನಿಂದಲೂ ಅದು ಜಾಸ್ತಿ, ಅವರಿಗೆ ಬಸಿರಿನ ವಾಂತಿ ಕಡಿಮೆ. ಎಷ್ಟು ಬರುತ್ತದೆ ಅನ್ನುವುದರಲ್ಲಿ ಮಗುವಿನ ಪಾಲೂ ಇದೆ. ಮಗುವಿನ ಅರ್ಧ ಅಪ್ಪನದ್ದಲ್ವಾ? ಅದಕ್ಕೇ ತಾಯಿ ಒಬ್ಬಳೇ ಆದರೂ ಪ್ರತಿ ಸಲ ಲೆಕ್ಕ ಬದಲಾಗಬಹುದು. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ ಅದೇ ಮೈ, ಅದೇ ಟೇಪು, ಬಟ್ಟೆ ಮಾತ್ರ ಬೇರೆ. ಅವಳಿ ಮಕ್ಕಳಿದ್ದರೆ ವಾಂತಿ ಜಾಸ್ತಿ ಆಗುವುದುಂಟು.

ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೇ ಕಟ್ಟಬೇಡಿ. ಮೊದಲ ಬಸಿರಲ್ಲಿ ನಾನು ತವರಿಗೆ ಹೋಗಿ ಮಧ್ಯಾಹ್ನ ಎರಡು ಗಂಟೆ ಮಲಗುತ್ತಿದ್ದೆ. ಮೂರನೇ ಸಲ ಎಂಟು ವರ್ಷದವಳು, ನಾಲ್ಕು ವರ್ಷದವಳು, ಮದುವೆ ಸೀಸನ್ನಿನ ಹೊಲಿಗೆ. ಚಿಕ್ಕವಳು ತಟ್ಟೆಯಲ್ಲಿ ಬಿಟ್ಟ ಅನ್ನವೇ ನನ್ನ ಊಟ, ಅದೂ ಮೂರು ಗಂಟೆಗೆ. ಹೊಟ್ಟೆ ಖಾಲಿ, ನಿದ್ದೆ ಇಲ್ಲ. ಈ ಎರಡು ಸೇರಿದರೆ ಯಾರಿಗಾದರೂ ತೊಳಸುತ್ತದೆ. ಎರಡನೇ ಮೂರನೇ ಬಸಿರಿನವರು ಮೊದಲು ಸರಿ ಮಾಡಿಕೊಳ್ಳಬೇಕಾದ್ದು ಇದು. ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಬಾಯಿಗೆ ಹೋಗಬೇಕು. ಹೊಟ್ಟೆ ಬಿರಿಯ ತಿನ್ನುವುದೂ ಬೇಡ, ಖಾಲಿ ಬಿಡುವುದೂ ಬೇಡ. ನೀರನ್ನು ಊಟದ ಜೊತೆ ಗಟಗಟ ಕುಡಿಯದೆ, ಊಟಗಳ ನಡುವೆ ಗುಟುಕು ಗುಟುಕಾಗಿ ಕುಡಿಯಿರಿ.

ಮೊದಲ ಸಲ ನನ್ನನ್ನು ಕಾಪಾಡಿದ್ದು ಮಂಡಕ್ಕಿ. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಬರವಿಲ್ಲ, ಬೆಚ್ಚಗಿರುವಾಗಲೇ ಸಿಗುತ್ತದೆ. ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದೆ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಏಳುತ್ತಿರಲಿಲ್ಲ. ಮಲಗಿದಲ್ಲಿಂದಲೇ ಡಬ್ಬಿಗೆ ಕೈ ಹಾಕಿ ಒಂದು ಹಿಡಿ, ಒಂದೊಂದೇ ಕಾಳು. ಬಾಯಲ್ಲಿ ಕರಗುವವರೆಗೂ ಬಿಡಬೇಕು, ಅಗಿಯುವ ಆತುರ ಬೇಡ. ಹದಿನೈದು ನಿಮಿಷ ಹಾಗೇ ಇದ್ದು, ಮಗ್ಗುಲಾಗಿ, ಆಮೇಲೆ ಕಾಲು ಕೆಳಗಿಡುವುದು. ಹೀಗೆ ಮಾಡಿದ ದಿನ ಗೀಟು ಕಡಿಮೆ. ಮಂಡಕ್ಕಿ ಬೇಡವಾದರೆ ರಸ್ಕು, ಒಣ ಅವಲಕ್ಕಿ, ಒಣ ಚಪಾತಿ ಚೂರು, ಏನಾದರೂ ಸಪ್ಪೆ ಒಣ ತಿಂಡಿ ಆಗುತ್ತದೆ.

ಮೂರನೇ ಸಲ ಅದೇ ಡಬ್ಬಿ ತೆರೆದೆ. ಮುಚ್ಚಳ ಬಿಚ್ಚಿದ ವಾಸನೆಗೇ ಬಚ್ಚಲಿಗೆ ಓಡಿದೆ. ಅಲ್ಲಿಗೆ ಗೊತ್ತಾಯಿತು, ರೋಗ ಮಾತ್ರ ಅಲ್ಲ, ಮದ್ದೂ ಬದಲಾಗುತ್ತದೆ. ಆ ಸಲ ಹಿಡಿಸಿದ್ದು ತಣ್ಣಗಿನದು ಮಾತ್ರ. ಬಿಸಿ ಊಟಕ್ಕೆ ವಾಸನೆ ಜಾಸ್ತಿ, ತಣ್ಣಗಾದರೆ ಅಷ್ಟು ಮೂಗಿಗೆ ಹೊಡೆಯುವುದಿಲ್ಲ. ನಿಂಬೆ ಪಾನಕವನ್ನು ಉಪ್ಪು ಸಕ್ಕರೆ ಹಾಕಿ ಐಸ್ ಟ್ರೇನಲ್ಲಿಟ್ಟು, ಒಂದೊಂದು ತುಂಡು ಚೀಪುತ್ತಿದ್ದೆ. ಮೊಸರನ್ನ ಫ್ರಿಜ್ಜಿನಿಂದ ನೇರವಾಗಿ. ಮಂಗಳೂರಿನ ಗೆಳತಿ ಕಳಿಸಿದ ಪುನರ್ಪುಳಿ ಶರಬತ್ತು ಎರಡು ವಾರ ನಡೆಯಿತು, ಆಮೇಲೆ ಅದೂ ಬೇಡವಾಯಿತು. ಶುಂಠಿ ಮೊದಲ ಸಲ ಚೆನ್ನಾಗಿ ಕೆಲಸ ಮಾಡಿತ್ತು, ಮೂರನೇ ಸಲ ಎದೆ ಉರಿದು ಹೋಯಿತು. ಹಾಗಾಗಿ ಹಿಂದಿನ ಸಲದ್ದು ನಡೆಯದಿದ್ದರೆ ಹಟ ಹಿಡಿಯಬೇಡಿ. ಮೂರು ದಿನ ನೋಡಿ, ಬಿಟ್ಟುಬಿಡಿ, ಬೇರೆ ಹುಡುಕಿ. ಈ ಎರಡು ತಿಂಗಳಲ್ಲಿ ‘ಪೌಷ್ಟಿಕ’ ಅಂತ ಒತ್ತಾಯದಿಂದ ತಿನ್ನುವುದಕ್ಕಿಂತ, ಒಳಗೆ ನಿಲ್ಲುವ ಊಟವೇ ಒಳ್ಳೇ ಊಟ.

ವಾಸನೆಗಳೂ ಹಾಗೇ. ಮೊದಲ ಸಲ ಒಗ್ಗರಣೆ ಮತ್ತು ನನ್ನದೇ ಮಿಷನ್ ಎಣ್ಣೆ. ಎರಡನೇ ಸಲ ಬೆಣ್ಣೆ ದೋಸೆ ಹೋಟೆಲಿನ ಮುಂದೆ ನಿಂತು ಎರಡು ದೋಸೆ ತಿಂದು ಬಂದಿದ್ದೇನೆ. ಮೂರನೇ ಸಲ ಹಾಲು ಕಾಯುವ ವಾಸನೆ, ಹೊಸ ಬಟ್ಟೆಯ ಗಂಜಿ ವಾಸನೆ. ಗಿರಾಕಿಗಳಿಗೆ ಬಟ್ಟೆ ಒಂದು ಸಲ ನೀರಲ್ಲಿ ಹಿಂಡಿ ತನ್ನಿ ಅಂದುಬಿಟ್ಟೆ. ಮನೆಯವರು ಹಾಲು ಕಾಯಿಸುವ ಕೆಲಸ ತಾವೇ ತೆಗೆದುಕೊಂಡರು, ನಾನು ಹೊರಗೆ ಕಟ್ಟೆ ಮೇಲೆ. ನಿಮಗೆ ಯಾವುದು ಆಗುವುದಿಲ್ಲ ಅಂತ ಗೊತ್ತಾದ ದಿನವೇ ಮನೆಯಲ್ಲಿ ಬಾಯಿ ಬಿಟ್ಟು ಹೇಳಿ. ಸುಮ್ನೆ ಸಹಿಸಿಕೊಂಡರೆ ಯಾರೂ ಸೀರೆ ಉಡಿಸಿ ಸನ್ಮಾನ ಮಾಡುವುದಿಲ್ಲ.

ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ. ಹುಳಿಗೆ ಹಲ್ಲು ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಉಜ್ಜಿ. ಕಬ್ಬಿಣದ ಮಾತ್ರೆ ಈಗಾಗಲೇ ತಗೊಳ್ಳುತ್ತಿದ್ದು ಅದರಿಂದ ತೊಳಸುತ್ತಿದ್ದರೆ, ಮೊದಲ ಮೂರು ತಿಂಗಳು ಬರೀ ಫೋಲಿಕ್ ಆಸಿಡ್ ಸಾಕಾ ಅಂತ ಡಾಕ್ಟರನ್ನು ಕೇಳಿ. ನಿಮ್ಮಷ್ಟಕ್ಕೆ ನೀವೇ ಎರಡನ್ನೂ ನಿಲ್ಲಿಸಬೇಡಿ.

ಈಗ ಎರಡನೇ ಬಸಿರಿನ ಕತೆ. ವಾಂತಿ ಇಲ್ಲದ್ದೇ ಒಂದು ಭಯ! ಏಳನೇ ವಾರ, ಎಂಟನೇ ವಾರ, ಏನೂ ಇಲ್ಲ. ಮಗು ಬೆಳೀತಿಲ್ಲವೇನೋ ಅಂತ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದೆ. ಸ್ಕ್ಯಾನಿಂಗ್ ಮಾಡಿದಾಗ ಹೃದಯ ಟಕಟಕ ಬಡಿಯುತ್ತಿತ್ತು. ವಾಂತಿಯೇ ಆಗದೆ ಚೆನ್ನಾಗಿ ಹೆತ್ತವರು ಬೇಕಾದಷ್ಟು ಜನ ಇದ್ದಾರೆ. ಇದ್ದ ವಾಂತಿ ಒಂದೆರಡು ದಿನ ನಿಂತರೂ ಅದೊಂದರಿಂದಲೇ ಕೆಟ್ಟದ್ದು ಅಂದುಕೊಳ್ಳಬೇಡಿ. ರಕ್ತ ಕಾಣಿಸಿಕೊಂಡರೆ, ಕಿಬ್ಬೊಟ್ಟೆ ಹಿಂಡಿದರೆ ಮಾತ್ರ ತಡಮಾಡದೆ ಹೋಗಿ.

ಅತ್ತೆ ಆಗ ‘ವಾಂತಿ ಇಲ್ಲ, ಗಂಡೇ’ ಅಂದಿದ್ದರು. ಹುಟ್ಟಿದ್ದು ಹೆಣ್ಣು. ಮೂರನೇ ಸಲ ‘ಇಷ್ಟು ವಾಂತಿ ಅಂದರೆ ಇದೂ ಹೆಣ್ಣೇ’ ಅಂದರು. ಹುಟ್ಟಿದ್ದು ಗಂಡು. ತುಂಬಾ ಜೋರಿನ ವಾಂತಿ ಹೆಣ್ಣು ಮಗುವಿನ ಬಸಿರಲ್ಲಿ ಸ್ವಲ್ಪ ಹೆಚ್ಚು ಅನ್ನುವುದು ನಿಜ. ಆದರೆ ಅದು ಸಾವಿರಾರು ಜನರ ಲೆಕ್ಕ, ನಿಮ್ಮ ಹೊಟ್ಟೆಯ ಭವಿಷ್ಯ ಅಲ್ಲ. ಇನ್ನು ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಅಂತ ಕೇಳುವುದು, ಹೇಳುವುದು 1994ರ ಕಾಯ್ದೆ ಪ್ರಕಾರ ಅಪರಾಧ.

ಮಾತ್ರೆ ವಿಷಯಕ್ಕೆ ಬರೋಣ. ‘ಬಸಿರಲ್ಲಿ ಮಾತ್ರೆ ಬೇಡ’ ಅಂತ ಹಲ್ಲು ಕಚ್ಚಿ ಕೂರುವವರು ಜಾಸ್ತಿ. ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ (ಅಂದರೆ ಬಿ6 ವಿಟಮಿನ್) ಸೇರಿದ ಮಾತ್ರೆಯನ್ನು ಬಸುರಿಯರಿಗೇ ಅಂತ ಹತ್ತಾರು ವರ್ಷಗಳಿಂದ ಕೊಡುತ್ತಿದ್ದಾರೆ. ಅಮೆರಿಕದಲ್ಲಿ 1983ರಲ್ಲಿ ಕೋರ್ಟು ಕೇಸುಗಳ ಗಲಾಟೆಯಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು, ತೊಂದರೆ ಇಲ್ಲ ಅಂತ 2013ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟರು. ಇದನ್ನು ಸಾಮಾನ್ಯವಾಗಿ ರಾತ್ರಿ ಮಲಗುವಾಗ ಬರೆದುಕೊಡುತ್ತಾರೆ, ಬೆಳಿಗ್ಗೆ ಹೊತ್ತಿಗೆ ಕೆಲಸ ಶುರುವಾಗಲಿ ಅಂತ. ನಾನು ಗೊತ್ತಿಲ್ಲದೆ ಮೊದಲ ನಾಲ್ಕು ದಿನ ವಾಂತಿ ಬಂದಾಗ ನುಂಗುತ್ತಿದ್ದೆ, ಅದರ ಜೊತೆಗೇ ಹೊರಗೆ ಹೋಗುತ್ತಿತ್ತು. ನಿದ್ದೆ ಬರಿಸುತ್ತದೆ, ತಗೊಂಡು ಗಾಡಿ ಓಡಿಸಬೇಡಿ. ಎಷ್ಟು, ಯಾವಾಗ ಅನ್ನುವುದನ್ನು ಡಾಕ್ಟರೇ ಹೇಳಬೇಕು, ಪಕ್ಕದ ಮನೆಯವರ ಚೀಟಿ ನೋಡಿ ತರಬೇಡಿ.

ಹಿಂದಿನ ಸಲ ಜೋರಾಗಿ ಆಗಿದ್ದವರು ಮತ್ತೆ ಬಸುರಿಯಾಗುವ ಯೋಚನೆ ಇದ್ದಾಗಲೇ ಡಾಕ್ಟರಿಗೆ ಹೇಳಿ. ತಿಂಗಳು ಮುಂಚೆಯೇ ವಿಟಮಿನ್ ಶುರು ಮಾಡುವುದು, ತೊಳಸಲು ಶುರುವಾದ ಕೂಡಲೇ ಮಾತ್ರೆ ಹಿಡಿಯುವುದು, ಹೀಗೆ ಮಾಡಿದರೆ ಜೋರು ಕಡಿಮೆಯಾಗುವ ಸಾಧ್ಯತೆ ಇದೆ. ಜೋರಾದ ಮೇಲೆ ಹತೋಟಿಗೆ ತರುವುದು ಕಷ್ಟ.

ಅದು ನನಗೆ ಗೊತ್ತಾದದ್ದು ತಡವಾಗಿ. ಮೂರನೇ ಬಸಿರಿನ ಒಂಬತ್ತನೇ ವಾರ, ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ‘ಮೂರನೇದು, ನಿಮಗೇನು ಹೊಸದಾ?’ ಅಂತ ಒಂದು ಬಾಟಲ್ ಗ್ಲೂಕೋಸ್ ಏರಿಸಿ ಮನೆಗೆ ಕಳಿಸಿದರು. ತೂಕ ನೋಡಲಿಲ್ಲ, ಮೂತ್ರ ನೋಡಲಿಲ್ಲ. ನಾನೂ ಕೇಳಲಿಲ್ಲ, ಅನುಭವಸ್ಥೆ ಅಲ್ವಾ! ಎರಡು ದಿನ ಬಿಟ್ಟು ಸೀರೆ ಉಡಲು ನಿಂತರೆ ಬ್ಲೌಸಿನ ಕಂಕುಳಲ್ಲಿ ಎರಡು ಬೆರಳು ಆಡುತ್ತಿತ್ತು. ನಾನೇ ಹೊಲಿದದ್ದು, ಅಳತೆ ತಪ್ಪಿರಲು ಸಾಧ್ಯವಿಲ್ಲ. ಆ ಹೊತ್ತಿಗೆ ಬಸುರಿಯ ಬ್ಲೌಸ್ ಎದೆಗೆ ಬಿಗಿಯಾಗಬೇಕು, ಸಡಿಲವಾಗಬಾರದು. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ನಿಂತೆ. 58 ಕೆಜಿ ಇದ್ದವಳು 54 ಅರ್ಧ. ಬೇರೆ ಆಸ್ಪತ್ರೆಗೆ ಹೋದೆವು. ಮೂತ್ರದಲ್ಲಿ ಕೀಟೋನ್ ಬಂದಿತ್ತು, ಅಂದರೆ ಊಟ ಸಿಗದೆ ಮೈ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತಿತ್ತು. ಅಲ್ಲಿ ಮೊದಲು ಬಿ1 ವಿಟಮಿನ್ನಿನ ಇಂಜೆಕ್ಷನ್, ಆಮೇಲೆ ಸಲೈನ್. ದಿನಗಟ್ಟಲೆ ಊಟ ನಿಲ್ಲದವರಿಗೆ ಬಿ1 ಇಲ್ಲದೆ ಬರೀ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಪೆಟ್ಟಾಗುವ ಅಪಾಯ ಇದೆಯಂತ ಆ ಡಾಕ್ಟರು ಹೇಳಿದರು. ಎರಡು ದಿನ ಅಲ್ಲೇ ಇದ್ದೆ.

ಹಾಗಾಗಿ ನೋಡಬೇಕಾದ್ದು ಹೋದ ಸಲದ ನೆನಪನ್ನಲ್ಲ, ಇವತ್ತಿನ ಮೂತ್ರ ಮತ್ತು ತೂಕವನ್ನು. ಎಂಟು ಗಂಟೆ ಮೂತ್ರವೇ ಬರದಿದ್ದರೆ, ಬಂದರೂ ಚಹಾ ಡಿಕಾಕ್ಷನ್ ಬಣ್ಣ ಇದ್ದರೆ, ಇಪ್ಪತ್ನಾಲ್ಕು ಗಂಟೆ ನೀರೂ ನಿಲ್ಲದಿದ್ದರೆ, ಎದ್ದರೆ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ತೂಕ ನೂರಕ್ಕೆ ಐದರಷ್ಟು ಇಳಿದರೆ (50 ಕೆಜಿಯವರಿಗೆ ಎರಡೂವರೆ ಕೆಜಿ) ಅವತ್ತೇ ಹೋಗಿ. ಗಾಡಿ ಇಲ್ಲದಿದ್ದರೆ 108. ಇಪ್ಪತ್ತು ವಾರ ದಾಟಿದ ಮೇಲೆ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವಿನ ಜೊತೆ ವಾಂತಿ ಬಂದರೆ ಅದು ಬಿಪಿ ಇರಬಹುದು, ಒಂದು ಗಂಟೆಯೂ ಕಾಯಬೇಡಿ. ಹೋಗುವಾಗ ತಾಯಿ ಕಾರ್ಡ್ ಜೊತೆ ಕ್ಯಾಲೆಂಡರಿನ ಆ ಹಾಳೆಯನ್ನೂ ಹರಿದು ತೆಗೆದುಕೊಂಡು ಹೋಗಿ. ‘ತುಂಬಾ ವಾಂತಿ’ ಅಂದರೆ ಯಾರೂ ತಲೆ ಎತ್ತುವುದಿಲ್ಲ. ‘ನಿನ್ನೆ ಒಂಬತ್ತು ಸಲ, ತೂಕ ಮೂರೂವರೆ ಕೆಜಿ ಇಳಿದಿದೆ’ ಅಂದರೆ ಪೆನ್ನು ಕೆಳಗಿಟ್ಟು ನೋಡುತ್ತಾರೆ.

ನಾನೀಗ ಹೊಲಿಗೆ ಮಿಷನ್ ಪಕ್ಕದಲ್ಲೇ ಒಂದು ತೂಕದ ಯಂತ್ರ ಇಟ್ಟಿದ್ದೇನೆ. ಬಸುರಿ ಅಂತ ಹೇಳಿದವರ ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳಿನ ಕೆಳಗೆ ತೂಕವನ್ನೂ ಬರೆದುಕೊಳ್ಳುತ್ತೇನೆ. ಬ್ಲೌಸ್ ತೆಗೆದುಕೊಂಡು ಹೋಗಲು ಬಂದಾಗ ಇನ್ನೊಂದು ಸಲ ಹತ್ತಿಸುತ್ತೇನೆ.