ಸೋತರೂ ಸೊನ್ನೆ ಎನ್ನುತ್ತಿದ್ದ ಡ್ರೈವರ್

ಕಂಪ್ಯೂಟರಿಗೆ ಜೋಡಿಸಿದ ಸಾಧನವನ್ನು ನಡೆಸುವ ಡ್ರೈವರ್‌ನ ಕೋಡ್ ರಿವ್ಯೂಗೆ ಬಂದರೆ ನಾನು ಮೊದಲು ಓದುವುದು ಫಂಕ್ಷನ್‌ನ ಬಾಲ, ಅಂದರೆ ಏನಾದರೂ ಕೆಟ್ಟಾಗ ಓಡುವ ಕೊನೆಯ ಸಾಲುಗಳು. ಎಲ್ಲ ಸರಿ ಇದ್ದಾಗ ಓಡುವ ಸಾಲುಗಳನ್ನು ಬರೆದವರೇ ಹತ್ತಾರು ಸಲ ಓಡಿಸಿ ನೋಡಿರುತ್ತಾರೆ. ಕೆಟ್ಟಾಗ ಓಡುವ ಸಾಲುಗಳನ್ನು ಯಾರೂ ಮುಟ್ಟಿರುವುದಿಲ್ಲ.

ಕಳೆದ ಮಳೆಗಾಲ, ಮಂಗಳೂರಿನ ಬಿಜೈಯ ಮನೆಯಲ್ಲಿ ಕೂತು ಒಂದು ಲಿನಕ್ಸ್ ವೈಫೈ ಡ್ರೈವರ್ ನೋಡುತ್ತಿದ್ದೆ. ಬರೆದವನು ಉಡುಪಿಯ ಹುಡುಗ, ಟೀಮಿಗೆ ಹೊಸಬ. ವೈಫೈ ಸಾಧನ ಸಿಕ್ಕಾಗ ಡ್ರೈವರನ್ನು ಸಜ್ಜು ಮಾಡುವ ಪ್ರೋಬ್ ಫಂಕ್ಷನ್‌ನಲ್ಲಿ ಮೊದಲು ಮೆಮೊರಿ ತೆಗೆದುಕೊಂಡಿದ್ದ. ಆಮೇಲೆ 'ರಿಕ್ವೆಸ್ಟ್ ಫರ್ಮ್‌ವೇರ್' ಕರೆದು, ವೈಫೈ ಚಿಪ್ಪಿನೊಳಗೆ ಓಡುವ ಪ್ರೋಗ್ರಾಮಿನ (ಫರ್ಮ್‌ವೇರ್) ಫೈಲ್ ತರಿಸಿದ್ದ. ಫೈಲ್ 32 ಬೈಟ್‌ಗಿಂತ ಚಿಕ್ಕದಿದ್ದರೆ 'ಗೋಟು' ಹಾಕಿ ಕೆಳಗೆ ಬಾಲದಲ್ಲಿ ಗುರುತಿಟ್ಟ ಸಾಲಿಗೆ, ಅಂದರೆ ಲೇಬಲ್‌ಗೆ, ಹಾರಿದ್ದ. ಅಲ್ಲಿ ಮೊದಲು ಫರ್ಮ್‌ವೇರ್ ಬಿಡುವುದು, ನಂತರ ಮೆಮೊರಿ. ಚಪ್ಪರ ಬಿಚ್ಚಿದ ಹಾಗೆ, ಕೊನೆಗೆ ಕಟ್ಟಿದ್ದು ಮೊದಲು. ಕ್ರಮ ಸರಿಯೇ ಇತ್ತು.

ಕೊನೆಯ ಸಾಲು 'ರಿಟರ್ನ್ ರೆಟ್', ಅಂದರೆ 'ರೆಟ್' ಎಂಬುದರಲ್ಲಿರುವ ಸಂಖ್ಯೆಯನ್ನು ಕರೆದವರಿಗೆ ಫಲಿತಾಂಶವಾಗಿ ಕೊಡುವುದು. ಈ 'ರೆಟ್'‌ನಲ್ಲಿ ಆಗ ಇರುವುದು ಎಷ್ಟು? ಬೆರಳಿಟ್ಟು ಮೇಲಕ್ಕೆ ಹೋದೆ. ಕೊನೆಗೆ ಅದಕ್ಕೆ ಬೆಲೆ ಬಂದದ್ದು ಫೈಲ್ ತರಿಸಿದಾಗ. ಫೈಲ್ ಸಿಕ್ಕಿತ್ತು, ಹಾಗಾಗಿ ಸೊನ್ನೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಸೊನ್ನೆ ಅಂದರೆ ಗೆದ್ದೆ, ಮೈನಸ್ ಅಂದರೆ ಸೋತೆ. ಅಂದರೆ ಎಲ್ಲವನ್ನೂ ಬಿಟ್ಟುಕೊಟ್ಟು 'ಗೆದ್ದೆ' ಅಂತ ಹೇಳುತ್ತಿದೆ ಈ ಡ್ರೈವರ್! ಬಾಡಿಗೆಯವರು ಮನೆ ಖಾಲಿ ಮಾಡಿದರೂ ಬಾಗಿಲಲ್ಲಿ ಹೆಸರಿನ ಬೋರ್ಡ್ ಹಾಗೇ ಉಂಟು.

ಫೋನ್ ಮಾಡಿದೆ. "ಸರ್, ಬೂಟ್ ಆಗ್ತದೆ, ವೈಫೈ ಬರ್ತದೆ, ಮತ್ತೆಂತ?" ಅಂದ.

"ಫೈಲ್ ಅರ್ಧ ಮಾತ್ರ ಕಾಪಿ ಆಗಿದ್ದರೆ ಎಂತ ಮಾಡ್ತಿ ಮಾರಾಯ?"

ವಾದ ಮಾಡುವುದಕ್ಕಿಂತ ತೋರಿಸುವುದು ಸುಲಭ. ಟೆಸ್ಟ್ ಬೋರ್ಡ್‌ನ 'ಲಿಬ್ ಫರ್ಮ್‌ವೇರ್' ಫೋಲ್ಡರಿನಲ್ಲಿದ್ದ ಫೈಲನ್ನು ಎತ್ತಿಟ್ಟು, ಅದೇ ಹೆಸರಲ್ಲಿ 16 ಬೈಟ್‌ನ ತುಂಡು ಇಡಿಸಿದೆ. ಮೆಮೊರಿಯ ತಪ್ಪು ಬಳಕೆ ಹಿಡಿಯುವ ಕಾಸಾನ್ ಆನ್ ಮಾಡಿದ ಕರ್ನಲ್. ಡ್ರೈವರ್‌ನ ಮಾಡ್ಯೂಲ್ ಹಾಕಿದಾಗ ಒಂದು ಸದ್ದೂ ಇಲ್ಲ. ತೆಗೆದಾಗ, ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ ವರದಿ ಪರದೆ ತುಂಬ ಬಂತು. ಅಷ್ಟರಲ್ಲಿ ನಮ್ಮಲ್ಲಿ ಕರೆಂಟ್ ಹೋಯಿತು, ಅದು ಬೇರೆ ವಿಷಯ.

ಮೆಮೊರಿಗೆ 'ಡೆವ್‌ಎಂ' ಬಳಸಿದರೆ ಮೆಮೊರಿಯನ್ನು ಕರ್ನಲ್ಲೇ ಬಿಡುತ್ತದೆ, ಬಾಲ ಗಿಡ್ಡ ಆಗುತ್ತದೆ, ನಿಜ. ಆದರೆ ಸೊನ್ನೆ ಉಳಿಯುವ ತಪ್ಪು ಅದರಿಂದ ಹೋಗುವುದಿಲ್ಲ. ಸ್ಮ್ಯಾಚ್ ಎಂಬ ಟೂಲ್ ಇಂಥದ್ದನ್ನು ಹಿಡಿಯುತ್ತದೆ. ನಾನು ಅದನ್ನು ಓಡಿಸುವುದು ಕಣ್ಣಲ್ಲಿ ಓದಿದ ಮೇಲೆಯೇ. ಮೊದಲೇ ಓಡಿಸಿದರೆ ಓದಲು ಸೋಮಾರಿತನ ಬರುತ್ತದೆ, ಅಲ್ವಾ?

ಇನ್ನೊಂದು ಸಣ್ಣ ತಪ್ಪೂ ಇತ್ತು. ಫೈಲಿನ ಒಳಗೇ ಬರೆದಿದ್ದ, ಡೇಟಾ ಎಲ್ಲಿಂದ ಶುರು ಎಂದು ಹೇಳುವ ಆಫ್‌ಸೆಟ್ ಮತ್ತು ಉದ್ದವನ್ನು ಕೂಡಿಸಿ, ಫೈಲಿನ ಸೈಜ್ ಜೊತೆ ಹೋಲಿಸಿದ್ದ. ಎರಡೂ 32 ಬಿಟ್. ದೊಡ್ಡ ಸಂಖ್ಯೆ ಬಂದರೆ ಮೊತ್ತ ಸುತ್ತಿ ಸೊನ್ನೆಯ ಹತ್ತಿರ ಬರುತ್ತದೆ, ಚೆಕ್ ಸುಮ್ನೆ ಪಾಸ್. ಮೊದಲು ಆಫ್‌ಸೆಟ್ ಸೈಜಿನೊಳಗೆ ಇದೆಯೇ ನೋಡು, ಆಮೇಲೆ ಕೂಡಿಸಬೇಡ, ಸೈಜಿನಿಂದ ಆಫ್‌ಸೆಟ್ ಕಳೆದು ಉದ್ದದ ಜೊತೆ ಹೋಲಿಸು ಅಂತ ಬರೆದೆ.

ಮರುದಿನ ಹೊಸ ಪ್ಯಾಚ್ ಬಂತು. 'ರೆಟ್'‌ಗೆ ಮೈನಸ್ 22, ಅಂದರೆ 'ಕೊಟ್ಟದ್ದು ಸರಿಯಿಲ್ಲ' ಎಂಬ ಎರರ್ ನಂಬರ್, ಸೇರಿತ್ತು, ಇಫ್‌ಗೆ ಈಗ ಒಳಗೆ ಎರಡು ಸಾಲಾದ್ದರಿಂದ ಬ್ರಾಕೆಟ್ ಕೂಡ. ಜೊತೆಗೆ ಇನ್ನೊಂದು ಪ್ಯಾಚ್, ನಮ್ಮದೇ ಹಳೆಯ ಡ್ರೈವರ್‌ಗೆ, ಅದೇ ತಪ್ಪಿಗೆ. ಅದನ್ನು ಹಿಂದೆ ರಿವ್ಯೂ ಮಾಡಿ ಓಕೆ ಅಂದವನು ನಾನೇ.