ಸಣ್ಣ ನಾಟಕ ತಂಡಕ್ಕೂ ಸಾಧ್ಯ: ಎಲ್ಲರೂ ಬಂದು ನೋಡುವ ಪ್ರದರ್ಶನ ಮಾಡುವುದು ಹೇಗೆ?

ಶಿವಮೊಗ್ಗದ ಒಂದು ಹವ್ಯಾಸಿ ನಾಟಕ ತಂಡದಲ್ಲಿ ನಾನು ರಂಗನಿರ್ವಹಣೆ ನೋಡಿಕೊಳ್ಳುತ್ತೇನೆ. ನಮ್ಮ ಲೈಟಿಂಗ್ ಮಾಡುವ ಗೆಳೆಯ ವೀಲ್‌ಚೇರ್ ಬಳಸುತ್ತಾನೆ. ಹಾಗಾಗಿ ಹಾಲ್ ನೋಡಲು ಹೊರಟರೆ ನನ್ನ ಚೀಲದಲ್ಲಿ ಅಳತೆ ಟೇಪು ಇದ್ದೇ ಇರುತ್ತದೆ. ಅಂಗವಿಕಲರೂ ಬಂದು ನೋಡುವಂಥ ಪ್ರದರ್ಶನ ಮಾಡಿ ಅಂದರೆ ಬೇರೆ ತಂಡದವರು ಮೊದಲು ಕೇಳುವುದು ಒಂದೇ: "ಇದಕ್ಕೆಲ್ಲ ಎಷ್ಟು ಖರ್ಚಾಗುತ್ತೆ?" ಅಡ್ವಾನ್ಸ್ ಕೊಡುವ ಮೊದಲೇ ಜಾಗ ಸರಿಯಾಗಿ ನೋಡಿದರೆ ದೊಡ್ಡ ಖರ್ಚೆಲ್ಲ ಅಲ್ಲೇ ತಪ್ಪುತ್ತದೆ. ತಡವಾಗಿ ಯೋಚಿಸಿದರೆ ಮಾತ್ರ ಇದು ದುಬಾರಿ.

ಗೇಟಿನಿಂದ ಕುರ್ಚಿಯವರೆಗೆ, ಕುರ್ಚಿಯಿಂದ ಶೌಚಾಲಯದವರೆಗೆ ಒಂದು ಸಲ ನಡೆದು ನೋಡಿ. ಪ್ರತಿ ಬಾಗಿಲೂ 3 ಅಡಿ ಅಗಲ ಇರಬೇಕು. ಎಷ್ಟೋ ಹಾಲುಗಳಲ್ಲಿ ಮುಂಬಾಗಿಲು ಅರಮನೆಯಷ್ಟು ದೊಡ್ಡದು, ಶೌಚಾಲಯದ ಬಾಗಿಲು ಮಾತ್ರ 2 ಅಡಿ. ಮೂರು ಗಂಟೆಯ ಕಾರ್ಯಕ್ರಮಕ್ಕೆ ಬಂದವರು ನೀರು ಕುಡಿಯದೆ ಕೂರಬೇಕಾಗುತ್ತದೆ. ಅಂಥ ಹಾಲು ಎಷ್ಟೇ ಚೆನ್ನಾಗಿದ್ದರೂ ನಾವು ತೆಗೆದುಕೊಳ್ಳುವುದಿಲ್ಲ. ಶಾಲೆಯ ಬಯಲು, ನೆಲಮಟ್ಟದ ಸಭಾಂಗಣ, ಮನೆಯಂಗಳ ಇವೇ ಎಷ್ಟೋ ವಾಸಿ.

ಮೆಟ್ಟಿಲಿನ ಲೆಕ್ಕ ಸುಲಭ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ರ‍್ಯಾಂಪ್ ಬೇಕು. 6 ಇಂಚಿನ ಒಂದು ಮೆಟ್ಟಿಲಿಗೆ 6 ಅಡಿ, ಎರಡು ಮೆಟ್ಟಿಲಿಗೆ 12 ಅಡಿ. ಎರಡು ಹಲಗೆ ಇಟ್ಟು "ನಾವು ತಳ್ಳುತ್ತೇವೆ ಬಿಡಿ" ಅನ್ನುವುದು ಅಪಾಯ. ಒಂದೆರಡು ಮೆಟ್ಟಿಲಾದರೆ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಆ್ಯಂಗಲ್ ಫ್ರೇಮ್ ಮಾಡಿಸಿ. ಮೇಲೆ 18 ಎಂಎಂ ಪ್ಲೈವುಡ್ ಹಾಕಿಸಿ. ಅಗಲ 4 ಅಡಿ ಇರಲಿ. ಚಕ್ರ ಜಾರದಂತೆ ಎರಡೂ ಬದಿಗೆ ಮೂರು ಇಂಚಿನ ಅಂಚು ಬೇಕು, ಮೇಲ್ಮೈ ಒರಟಾಗಿರಬೇಕು. ಬಿಡಿಸಿ ಜೋಡಿಸುವ ತುಂಡುಗಳಾಗಿ ಮಾಡಿಸಿದರೆ ಗೂಡ್ಸ್ ಆಟೋದಲ್ಲಿ ಸಾಗುತ್ತದೆ.

ಇದನ್ನು ನಿಮ್ಮ ತಂಡ ಒಂದೇ ಮಾಡಿಸಬೇಡಿ. ಊರಿನ ನಾಲ್ಕು ತಂಡ, ಒಂದು ಗಣಪತಿ ಸಮಿತಿ ಸೇರಿ ದುಡ್ಡು ಹಾಕಿ. ಜಾಗ ಇರುವ ಒಬ್ಬರ ಮನೆಯಲ್ಲಿಟ್ಟು, ಯಾರು ಒಯ್ದರು, ಯಾವಾಗ ತಂದರು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ವರ್ಷವಿಡೀ ಓಡಾಡುವ ರ‍್ಯಾಂಪ್ ಪ್ರದರ್ಶನದ ಲೆಕ್ಕದಲ್ಲಿ ತುಂಬ ಅಗ್ಗ. ಒಂದು ದಿನಕ್ಕೆ ಮಾಡಿಸಿ ಮೂಲೆಗೆ ಎಸೆದರೆ ದುಡ್ಡೂ ಹೋಯಿತು, ಮರವೂ ಹೋಯಿತು.

3 ಅಡಿ ಎತ್ತರದ ವೇದಿಕೆಗೆ 36 ಅಡಿ ರ‍್ಯಾಂಪ್ ಎಲ್ಲಿಂದ ತರುತ್ತೀರಿ? ಹಾಗಾಗಿ ಸನ್ಮಾನ, ಬಹುಮಾನ, ಭಾಷಣ ಎಲ್ಲವನ್ನೂ ವೇದಿಕೆಯ ಮುಂದೆ ನೆಲದಲ್ಲೇ ಮಾಡಿ. ಎಲ್ಲರಿಗೂ ಅಲ್ಲೇ. ವೀಲ್‌ಚೇರಿನಲ್ಲಿ ಬಂದ ಅತಿಥಿಯನ್ನು ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಮೇಲಕ್ಕೆ ಹತ್ತಿಸುವುದು ಸನ್ಮಾನ ಅಲ್ಲವೇ ಅಲ್ಲ.

ಸಾಲುಗಳ ಮಧ್ಯೆ ಅಲ್ಲಲ್ಲಿ ಎರಡೆರಡು ಕುರ್ಚಿ ತೆಗೆದು ವೀಲ್‌ಚೇರಿಗೆ ಜಾಗ ಬಿಡಿ, ಜೊತೆಗೆ ಬಂದವರಿಗೆ ಪಕ್ಕದಲ್ಲೇ ಕುರ್ಚಿ ಇರಲಿ. ಸಹಾಯಕ್ಕೆ ಬಂದವರಿಗೆ ಟಿಕೆಟ್ ಬೇಡ. ಮೈಕಿನ ವೈರು ದಾರಿಗೆ ಅಡ್ಡ ಬಾರದಿರಲಿ.

ಇನ್ನು ಕಿವಿಯ ವಿಚಾರ. "ನನ್ನ ದನಿ ದೊಡ್ಡದು, ಮೈಕ್ ಬೇಡ" ಅನ್ನುವ ಭಾಷಣಕಾರರು ಎಲ್ಲ ಊರಲ್ಲೂ ಇದ್ದಾರೆ. ದಯವಿಟ್ಟು ಮೈಕ್ ಕೈಗೆ ಕೊಡಿ. ಶ್ರವಣ ಸಾಧನ ಹಾಕಿಕೊಂಡವರಿಗೆ ಕೂಗು ಬೇಡ, ಸ್ಪಷ್ಟ ದನಿ ಬೇಕು.

ನಾಟಕದವರಿಗೆ ಒಂದು ದೊಡ್ಡ ಅನುಕೂಲ ಇದೆ: ಮಾತೆಲ್ಲ ಮೊದಲೇ ಕಾಗದದ ಮೇಲಿರುತ್ತದೆ. ಸ್ಲೈಡುಗಳಲ್ಲಿ ಎರಡೆರಡು ಸಾಲು ಟೈಪ್ ಮಾಡಿ, ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ವೇದಿಕೆಯ ಪಕ್ಕದ ಬಿಳಿ ಬಟ್ಟೆಗೆ ಪ್ರೊಜೆಕ್ಟರ್ ಬಿಡಿ. ಸ್ಲೈಡ್ ಬದಲಿಸುವವರು ತಾಲೀಮಿಗೆ ಬಂದಿರಲೇಬೇಕು. ನಟ ಎಲ್ಲಿ ತಡೆಯುತ್ತಾನೆ, ಎಲ್ಲಿ ಸಾಲು ಹಾರಿಸುತ್ತಾನೆ ಅಂತ ಅವರಿಗೆ ಗೊತ್ತಿರಬೇಕು. ನಾಟಕದ ನಂತರದ ಮಾತುಕತೆಗೆ ಆಡಿದ ಮಾತನ್ನು ಅಕ್ಷರವಾಗಿ ತೋರಿಸುವ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡದಲ್ಲೂ ಕೆಲಸ ಮಾಡುತ್ತದೆ. ಆಡುಮಾತು, ಊರಿನ ಹೆಸರು ತಪ್ಪಾಗಿ ಬರುತ್ತವೆ. ಅದಕ್ಕೇ ಅದನ್ನೊಂದೇ ನಂಬಬೇಡಿ.

ಸಂಜ್ಞೆ ಭಾಷೆಯನ್ನೇ ಮೊದಲ ಭಾಷೆಯಾಗಿ ಕಲಿತವರಿಗೆ ಕನ್ನಡ ಅಕ್ಷರ ಸಾಲದು, ಮಾತನ್ನು ಸಂಜ್ಞೆಯಲ್ಲಿ ಹೇಳುವ ಇಂಟರ್‌ಪ್ರಿಟರ್ ಬೇಕು. ಪ್ರತಿ ಸಲವೂ ಬೀಳುವ ದೊಡ್ಡ ಖರ್ಚು ಇದೊಂದೇ. ಉದ್ದದ ಪ್ರದರ್ಶನಕ್ಕೆ ಇಬ್ಬರು ಬೇಕು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಪುಕ್ಕಟೆ ಬನ್ನಿ ಅಂತ ಕರೆಯಬೇಡಿ, ಅದು ಅವರ ವೃತ್ತಿ. ಮೂರು ದಿನದ ಪ್ರದರ್ಶನ ಇದ್ದರೆ ಒಂದು ದಿನಕ್ಕೆ ಗೊತ್ತು ಮಾಡಿ, ಆ ದಿನವನ್ನು ಚೆನ್ನಾಗಿ ಪ್ರಚಾರ ಮಾಡಿ. ಸ್ಕ್ರಿಪ್ಟ್ ಒಂದು ತಿಂಗಳು ಮೊದಲೇ ಕೊಡಿ. ಕತ್ತಲೆಯ ದೃಶ್ಯದಲ್ಲೂ ಅವರ ಕೈ, ಮುಖದ ಮೇಲೆ ಬೆಳಕಿರಲಿ.

ಕಣ್ಣು ಕಾಣದವರಿಗೆ ಮಾಡುವುದಕ್ಕೆ ದುಡ್ಡೇ ಬೇಡ, ಸಮಯ ಬೇಕು. ಅರ್ಧ ಗಂಟೆ ಮೊದಲು ಅವರನ್ನು ವೇದಿಕೆಗೆ ಕರೆಯಿರಿ. ಕಿರೀಟ, ಕತ್ತಿ, ಸೀರೆಯ ಜರಿ, ಬಾವಿಕಟ್ಟೆ ಎಲ್ಲ ಮುಟ್ಟಿ ನೋಡಲಿ. ಪ್ರತಿ ನಟರೂ ತಮ್ಮ ಪಾತ್ರದ ದನಿಯಲ್ಲಿ ಒಂದು ಮಾತು ಆಡಲಿ. ಆಮೇಲೆ ಯಾವ ದನಿ ಯಾರದು ಅಂತ ಅವರಿಗೆ ಗೊಂದಲ ಆಗುವುದಿಲ್ಲ. ಪ್ರದರ್ಶನದ ವೇಳೆ ಹಿಂದಿನ ಬೂತಿನಲ್ಲಿ ಕೂತ ಒಬ್ಬರು ವಾಟ್ಸ್‌ಆಪ್ ಗ್ರೂಪ್ ಕಾಲ್‌ನಲ್ಲಿ ಮೆಲ್ಲಗೆ ಹೇಳುತ್ತಾರೆ: "ಅಮ್ಮ ಪತ್ರ ಹರಿದಳು", "ಮಗ ಬಾಗಿಲ ಮರೆಯಲ್ಲಿ ನಿಂತಿದ್ದಾನೆ". ಕೇಳುವವರು ತಮ್ಮ ಫೋನನ್ನು ಮ್ಯೂಟ್ ಮಾಡಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾರೆ. ಮಾತಿನ ನಡುವಿನ ಮೌನದಲ್ಲಿ ಮಾತ್ರ ಹೇಳಬೇಕು, ಕಂಡದ್ದನ್ನಷ್ಟೇ ಹೇಳಬೇಕು.

ಆಟಿಸಂ ಇರುವ ಮಕ್ಕಳಿಗಾಗಿ ಒಂದು ಪ್ರದರ್ಶನದಲ್ಲಿ ಹಾಲಿನ ದೀಪ ಪೂರ್ತಿ ಆರಿಸಬೇಡಿ, ಸೌಂಡ್ ತಗ್ಗಿಸಿ, ಎದ್ದು ಹೋಗಿ ಬರಲು ಬಿಡಿ. ಮಿಣುಕುವ ಲೈಟು, ಪಟಾಕಿ ಸದ್ದು ಇದ್ದರೆ ಮೊದಲೇ ತಿಳಿಸಿ.

ಇಷ್ಟೆಲ್ಲ ಮಾಡಿ, ಆಹ್ವಾನವನ್ನು ಬರೀ ಚಿತ್ರವಾಗಿ ವಾಟ್ಸ್‌ಆಪ್‌ಗೆ ಬಿಟ್ಟರೆ, ಕಣ್ಣು ಕಾಣದವರಿಗೆ ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದುವುದಿಲ್ಲ. ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೂ ಅಷ್ಟೇ. ಚಿತ್ರದ ಕೆಳಗೆ ಯುನಿಕೋಡ್‌ನಲ್ಲಿ ಬರೆಯಿರಿ: ಎಲ್ಲಿ, ಯಾವಾಗ, ಎಷ್ಟು ಮೆಟ್ಟಿಲು, ಶೌಚಾಲಯದ ಬಾಗಿಲು ಎಷ್ಟು ಅಗಲ, ಯಾವ ದಿನ ಇಂಟರ್‌ಪ್ರಿಟರ್, ಎಷ್ಟು ಗಂಟೆಗೆ ಮುಗಿಯುತ್ತದೆ. ಇಲ್ಲದ್ದನ್ನೂ ಇಲ್ಲ ಅಂತಲೇ ಹೇಳಿ. ಕರೆ ಮಾಡಲು ಆಗದವರು ಮೆಸೇಜ್ ಮಾಡಲು ಒಂದು ನಂಬರ್ ಕೊಡಿ.

ಹಾಲಿನವರು ಬದಲಾವಣೆಗೆ ಒಪ್ಪದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೆನಪಿಸಿ. ಸಾಂಸ್ಕೃತಿಕ ಚಟುವಟಿಕೆಗೆ ಸಾರ್ವಜನಿಕರು ಬಳಸುವ ಕಟ್ಟಡ ಖಾಸಗಿಯದಾದರೂ ಅದರ ವ್ಯಾಪ್ತಿಗೆ ಬರುತ್ತದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ. ಜಗಳ ಬೇಡ, ಊರಿನ ತಂಡಗಳೆಲ್ಲ ಸಹಿ ಹಾಕಿ ಒಂದು ಪತ್ರ ಕೊಡಿ.

ಪ್ರದರ್ಶನದ ದಿನ ಒಬ್ಬರಿಗೆ ಇದೇ ಕೆಲಸ ಕೊಡಿ, ಬೇರೆ ಯಾವುದೂ ಬೇಡ. ಮೊದಲು ಅವರು ಹೋಗಿ ಅಂಗವಿಕಲರ ಶೌಚಾಲಯದ ಬೀಗ ತೆಗೆಸಬೇಕು. ಒಳಗೆ ಪೊರಕೆ, ಬಕೆಟ್, ಮುರಿದ ಕುರ್ಚಿ ತುಂಬಿರುವುದೇ ಜಾಸ್ತಿ. ಅದನ್ನೆಲ್ಲ ಖಾಲಿ ಮಾಡಿಸಿ, ನೀರು ಬರುತ್ತದೆಯೇ ನೋಡಿ, ಕೀಲಿಯನ್ನು ಕಾರ್ಯಕ್ರಮ ಮುಗಿಯುವವರೆಗೆ ತಮ್ಮ ಬಳಿಯೇ ಇಟ್ಟುಕೊಳ್ಳಲಿ.