ಎಫ್ ಆ್ಯಂಡ್ ಒ ವಹಿವಾಟು: ಲೆಕ್ಕ ಇಡುವುದು ಹೇಗೆ, ತೋರಿಸುವುದು ಹೇಗೆ?

ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಗಡುವು ಹತ್ತಿರ ಬಂತೆಂದರೆ, ಎಫ್ ಆ್ಯಂಡ್ ಒ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಷೇರು ಅಥವಾ ಸೂಚ್ಯಂಕದ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳು) ವಹಿವಾಟು ಮಾಡಿ ನನ್ನ ಮೇಜಿನ ಎದುರು ಕೂರುವ ಹುಡುಗರು ಮೊದಲು ಚಾಚುವುದು ಮೊಬೈಲು. ‘ಸರ್, ಇದೇ ನನ್ನ ಪಿ ಆ್ಯಂಡ್ ಎಲ್’ ಎನ್ನುತ್ತಾರೆ, ಅಂದರೆ ಲಾಭ-ನಷ್ಟದ ಲೆಕ್ಕ. ಆ್ಯಪ್‌ನ ಪರದೆಯ ಮೇಲೆ ಒಂದೇ ಒಂದು ಮೊತ್ತ, ಹೆಚ್ಚಿನ ಸಲ ಕೆಂಪು ಬಣ್ಣದಲ್ಲಿ. ಆ ಒಂದು ಅಂಕಿಯಿಂದ ರಿಟರ್ನ್ಸ್ ತುಂಬಲು ಬರುವುದಿಲ್ಲ ಎಂದಾಗ ಅವರ ಮುಖ ಬಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಕೆಲ ವರ್ಷಗಳ ಹಿಂದೆ ರಾಣೆಬೆನ್ನೂರು ಕಡೆಯವನೊಬ್ಬ ಬಂದಿದ್ದ. ಬೆಂಗಳೂರಿನಲ್ಲಿ ನೌಕರಿ. ಆ ವರ್ಷ ಆಪ್ಷನ್ಸ್‌ನಲ್ಲಿ ಎರಡು ಲಕ್ಷದಷ್ಟು ಲಾಭವಾಗಿತ್ತು. ಮಾತಿಗೆ ಮಾತು ಬೆಳೆದು, ಅದಕ್ಕೂ ಎರಡು ವರ್ಷ ಮೊದಲು ಮೂರೂವರೆ ಲಕ್ಷ ಕಳೆದುಕೊಂಡಿದ್ದು ಹೊರಬಂತು. ‘ಸಂಬಳದವನು ಅಂತ ಐಟಿಆರ್-1 ಹಾಕ್ಬಿಟ್ಟೆ ಸರ್. ನಷ್ಟಕ್ಕೆ ಯಾರು ಟ್ಯಾಕ್ಸ್ ಕೇಳ್ತಾರೆ ಅನ್ಕೊಂಡೆ’ ಎಂದ. ಅಂದೇ ಸರಿಯಾದ ಫಾರಂನಲ್ಲಿ ಆ ನಷ್ಟ ತೋರಿಸಿ ಮುಂದಕ್ಕೆ ಒಯ್ದಿದ್ದರೆ ಈ ಎರಡು ಲಕ್ಷಕ್ಕೆ ಒಂದು ರೂಪಾಯಿ ತೆರಿಗೆಯೂ ಬೀಳುತ್ತಿರಲಿಲ್ಲ. ಗಡುವು ಮುಗಿದು ಹೋಗಿತ್ತು, ಹಳೆಯ ಬ್ರೋಕರ್ ಖಾತೆಯನ್ನೂ ಮುಚ್ಚಿಸಿದ್ದ. ದುಡ್ಡು ಹೋದದ್ದಲ್ಲದೆ ನಷ್ಟದ ಹಕ್ಕೂ ಹೋಗಿತ್ತು. ಆ ಸಂಕಟ ಇನ್ನೊಬ್ಬರಿಗೆ ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಷ್ಟವಾದವರೇ ಲೆಕ್ಕ ಇಡಬೇಕು ಎನ್ನಲು ಕಾರಣವಿದೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈಕ್ವಿಟಿ ಎಫ್ ಆ್ಯಂಡ್ ಒ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93ರಷ್ಟು ಮಂದಿ ಕೈಸುಟ್ಟುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಅಂದರೆ ಈ ಲೇಖನ ಓದುತ್ತಿರುವ ಟ್ರೇಡರ್ ನಷ್ಟದಲ್ಲಿರುವ ಸಾಧ್ಯತೆಯೇ ಹೆಚ್ಚು.

ಎಲ್ಲದರ ಬೇರು ಕಾಂಟ್ರ್ಯಾಕ್ಟ್ ನೋಟ್

2005ಕ್ಕೆ ಮುನ್ನ ಡಿರೈವೆಟಿವ್ (ಎಫ್ ಆ್ಯಂಡ್ ಒ ಇದರದೇ ರೂಪ) ವಹಿವಾಟು, ಸರಕು ಕೈಗೆ ಬಾರದೆ ವ್ಯತ್ಯಾಸದ ಹಣವಷ್ಟೇ ಕೈಬದಲಾಗುವ ಸಟ್ಟಾ ವ್ಯಾಪಾರದ ಸಾಲಿನಲ್ಲಿ ಸೇರುತ್ತಿತ್ತು. ಆ ವರ್ಷದ ಹಣಕಾಸು ಕಾಯ್ದೆ, ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43(5)ಕ್ಕೆ ತಿದ್ದುಪಡಿ ತಂದು, ಮಾನ್ಯತೆ ಪಡೆದ ಷೇರು ವಿನಿಮಯ ಕೇಂದ್ರದಲ್ಲಿ ನಡೆಯುವ ಡಿರೈವೆಟಿವ್ ವಹಿವಾಟನ್ನು ಸಾಮಾನ್ಯ ವ್ಯಾಪಾರದಂತೆ ಕಾಣಲು ಅವಕಾಶ ಕೊಟ್ಟಿತು. ಆದರೆ ಬರಿದೇ ಕೊಡಲಿಲ್ಲ. ವಹಿವಾಟು ನೋಂದಾಯಿತ ಬ್ರೋಕರ್ ಮೂಲಕ ಪರದೆಯ ಮೇಲೆ ನಡೆದಿರಬೇಕು, ಸಮಯದ ಮುದ್ರೆಯಿರುವ ಕಾಂಟ್ರ್ಯಾಕ್ಟ್ ನೋಟ್ (ಬ್ರೋಕರ್ ಕೊಡುವ ವಹಿವಾಟಿನ ವಿವರಪತ್ರ) ಇರಬೇಕು, ಅದರಲ್ಲಿ ನಿಮ್ಮ ಗ್ರಾಹಕ ಗುರುತು ಸಂಖ್ಯೆಯೂ ಪ್ಯಾನ್ ಸಂಖ್ಯೆಯೂ ಇರಬೇಕು ಎಂದಿತು.

ನಷ್ಟವನ್ನು ಎಂಟು ವರ್ಷ ಹೊತ್ತೊಯ್ಯುವ ಅನುಕೂಲ ನಿಂತಿರುವುದು ಈ ಒಂದು ಕಾಗದದ ಮೇಲೆ. ಸಟ್ಟಾ ನಷ್ಟಕ್ಕಾದರೆ ನಾಲ್ಕೇ ವರ್ಷ, ಅದನ್ನೂ ಸಟ್ಟಾ ಲಾಭದ ಎದುರಿಗೆ ಮಾತ್ರ ಕಳೆಯಬಹುದು. ಷೇರನ್ನು ಅದೇ ದಿನ ಕೊಂಡು ಅದೇ ದಿನ ಮಾರುವ ಇಂಟ್ರಾಡೇ ಇಂದಿಗೂ ಸಟ್ಟಾ ಲೆಕ್ಕವೇ. ಎರಡನ್ನೂ ಮಾಡುವವರು ಎರಡು ಲೆಕ್ಕ ಇಡಬೇಕು.

ಊರುಗಳಲ್ಲಿ ಗುಟ್ಟಾಗಿ ನಡೆಯುವ ಡಬ್ಬಾ ಟ್ರೇಡಿಂಗ್ ಬಗ್ಗೆಯೂ ಒಂದು ಮಾತು. ಅಲ್ಲಿ ವಹಿವಾಟು ವಿನಿಮಯ ಕೇಂದ್ರಕ್ಕೆ ಹೋಗುವುದೇ ಇಲ್ಲ, ಚೀಟಿಯ ಮೇಲೋ ವಾಟ್ಸ್‌ಆ್ಯಪ್‌ನಲ್ಲೋ ಮುಗಿಯುತ್ತದೆ. ಅದು ಅಪರಾಧ. ಕಾಂಟ್ರ್ಯಾಕ್ಟ್ ನೋಟ್ ಇಲ್ಲದ ಕಡೆ ದುಡ್ಡು ಇಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಮೊದಲು ಕಾಗದ ಕೂಡಿಹಾಕಿ

ವಹಿವಾಟು ನಡೆದ 24 ಗಂಟೆಯೊಳಗೆ ಕಾಂಟ್ರ್ಯಾಕ್ಟ್ ನೋಟ್ ಕಳಿಸುವುದು ಬ್ರೋಕರ್‌ನ ಹೊಣೆ. ನೋಂದಾಯಿತ ಇ-ಮೇಲ್‌ಗೆ ಪಿಡಿಎಫ್ ಆಗಿ ಬರುತ್ತದೆ. ಕಾಲೇಜಿನಲ್ಲಿದ್ದಾಗ ತೆರೆದು ಈಗ ಪಾಸ್‌ವರ್ಡ್ ಮರೆತ ಇ-ಮೇಲ್‌ಗೆ ಅದು ಹೋಗುತ್ತಿದ್ದರೆ ಇಂದೇ ಬದಲಿಸಿ. ಆರ್ಥಿಕ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಬ್ರೋಕರ್‌ಗೊಂದು ಫೋಲ್ಡರ್ ಮಾಡಿ. ಕಾಂಟ್ರ್ಯಾಕ್ಟ್ ನೋಟ್‌ಗಳ ಜೊತೆಗೆ ಬ್ರೋಕರ್ ಲೆಡ್ಜರ್, ಟ್ಯಾಕ್ಸ್ ಪಿ ಆ್ಯಂಡ್ ಎಲ್ ವರದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮಾರ್ಚ್ 31ರಂದು ತೆರೆದೇ ಇದ್ದ ಪೊಸಿಷನ್‌ಗಳ (ಇನ್ನೂ ಮುಗಿಸದ ಒಪ್ಪಂದಗಳ) ಪಟ್ಟಿ ಇರಲಿ.

ಎಷ್ಟು ವರ್ಷ ಇಡಬೇಕು? 2026ರವರೆಗೆ ಜಾರಿಯಲ್ಲಿದ್ದ ಸೆಬಿಯ 1992ರ ನಿಯಮಾವಳಿ ಬ್ರೋಕರ್‌ಗಳಿಗೆ ವಿಧಿಸಿದ್ದು ಕನಿಷ್ಠ ಐದು ವರ್ಷ. ನಿಮ್ಮ ನಷ್ಟಕ್ಕೆ ಎಂಟು ವರ್ಷದ ಆಯುಷ್ಯವಿದೆ. ಹಾಗಾಗಿ ಬ್ರೋಕರ್ ಬಳಿ ಇದ್ದೇ ಇರುತ್ತದೆ ಎಂದು ನಂಬಿ ಕೂರಬೇಡಿ. ನಷ್ಟ ಪೂರ್ತಿ ವಜಾ ಆಗುವವರೆಗೆ, ಅದಾದ ಮೇಲೂ ಕೆಲವು ವರ್ಷ, ನಿಮ್ಮ ಪ್ರತಿ ನಿಮ್ಮಲ್ಲೇ ಇರಲಿ. ಖಾತೆ ಮುಚ್ಚಿಸುವ ಮುನ್ನ ಎಲ್ಲವನ್ನೂ ಇಳಿಸಿಕೊಳ್ಳಿ.

ಹೆಂಡತಿಯ ಹೆಸರಲ್ಲಿ, ಅಮ್ಮನ ಹೆಸರಲ್ಲಿ ಖಾತೆ ತೆರೆದು ಟ್ರೇಡ್ ಮಾಡುವವರೂ ಇದ್ದಾರೆ. ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಯಾರ ಪ್ಯಾನ್ ಇದೆಯೋ ಇಲಾಖೆಯ ಕಣ್ಣಿಗೆ ಅದು ಅವರ ವ್ಯವಹಾರ. ಗಂಡ ಕೊಟ್ಟ ದುಡ್ಡಿನಿಂದ ಹೆಂಡತಿಯ ಖಾತೆಯಲ್ಲಿ ಬಂದ ಆದಾಯ ಮತ್ತೆ ಗಂಡನ ಲೆಕ್ಕಕ್ಕೇ ಸೇರುವ ನಿಯಮವೂ ಇದೆ. ಮನೆಯವರ ಹೆಸರನ್ನು ಇದರಲ್ಲಿ ಸಿಕ್ಕಿಸದಿರುವುದು ಒಳ್ಳೆಯದು.

ಮೂರು ಕಾಗದ ತಾಳೆ ನೋಡಿ

ಕಾಂಟ್ರ್ಯಾಕ್ಟ್ ನೋಟ್ ಹೇಳುವುದು ಏನು ಕೊಂಡಿರಿ, ಏನು ಮಾರಿದಿರಿ ಎಂಬುದನ್ನು. ಲೆಡ್ಜರ್ ಹೇಳುವುದು ಬ್ರೋಕರ್ ಬಳಿ ನಿಮ್ಮ ಹಣ ಹೇಗೆ ಏರಿಳಿಯಿತು ಎಂಬುದನ್ನು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹೋದ ಹಣ, ಬಂದ ಹಣ ಮಾತ್ರ ಕಾಣುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಬ್ರೋಕರ್‌ಗೆ ಕಳಿಸಿದ 50,000 ರೂಪಾಯಿ ಖರ್ಚಲ್ಲ, ಮರಳಿ ಬಂದ 40,000 ಆದಾಯವಲ್ಲ. ಅದು ನಿಮ್ಮದೇ ಹಣದ ಓಡಾಟ.

ತಿಂಗಳಿಗೊಮ್ಮೆ ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಗಂಟೆಯ ಕೆಲಸ. ವರ್ಷಕ್ಕೊಮ್ಮೆ ಎಂದರೆ ವಾರಗಟ್ಟಲೆ ತಲೆನೋವು. ತಾಳೆಯಾಗದ ಸಾಲು ಸಿಕ್ಕರೆ ಆಗಲೇ ಬ್ರೋಕರ್‌ಗೆ ಇ-ಮೇಲ್ ಮಾಡಿ ಕೇಳಿ, ಉತ್ತರವನ್ನೂ ಫೋಲ್ಡರ್‌ಗೆ ಹಾಕಿ.

ಸ್ಟಾಕ್ ಫ್ಯೂಚರ್ಸ್, ಸ್ಟಾಕ್ ಆಪ್ಷನ್ಸ್ ಮಾಡುವವರು ಎಕ್ಸ್‌ಪೈರಿ (ಒಪ್ಪಂದದ ಅವಧಿ ಮುಗಿಯುವ) ದಿನದ ಸಾಲುಗಳನ್ನು ಎರಡು ಸಲ ನೋಡಬೇಕು. ನಿಫ್ಟಿಯಂಥ ಸೂಚ್ಯಂಕದ ಕಾಂಟ್ರ್ಯಾಕ್ಟ್‌ಗಳು ಹಣದಲ್ಲೇ ಚುಕ್ತಾ ಆಗುತ್ತವೆ. ಒಂಟಿ ಕಂಪನಿಯ ಕಾಂಟ್ರ್ಯಾಕ್ಟ್‌ನಿಂದ ಎಕ್ಸ್‌ಪೈರಿಗೆ ಮುನ್ನ ಹೊರಬರದಿದ್ದರೆ ನಿಜವಾದ ಷೇರುಗಳನ್ನೇ ಪಡೆಯಬೇಕು ಅಥವಾ ಕೊಡಬೇಕು. ಆಗ ಡಿಮ್ಯಾಟ್‌ನಲ್ಲಿ ಷೇರು ಬಂದು ಕೂತಿರುತ್ತದೆ, ಅದರ ಲೆಕ್ಕದ ದಾರಿಯೇ ಬೇರೆಯಾಗುತ್ತದೆ.

ಟರ್ನೋವರ್ ಲೆಕ್ಕ

ಟರ್ನೋವರ್ ಎಂದ ಕೂಡಲೇ ಕಾಂಟ್ರ್ಯಾಕ್ಟ್‌ನ ಪೂರ್ತಿ ಮೌಲ್ಯ ಕೂಡಿಸಿ, ಕೋಟಿಗಳ ಅಂಕಿ ಕಂಡು ಹೆದರುವವರಿದ್ದಾರೆ. ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ ಕೊಟ್ಟಿರುವ ಮಾರ್ಗದರ್ಶನದ ಪ್ರಕಾರ ಕೂಡಿಸಬೇಕಾದದ್ದು ವ್ಯತ್ಯಾಸಗಳನ್ನು ಮಾತ್ರ. ಲಾಭವಿರಲಿ ನಷ್ಟವಿರಲಿ, ಕಳೆಯುವ ಚಿಹ್ನೆ ಬಿಟ್ಟು ಎಲ್ಲವನ್ನೂ ಸೇರಿಸಬೇಕು.

ನಾಲ್ಕು ವಹಿವಾಟು ಇವೆ ಎಂದಿಟ್ಟುಕೊಳ್ಳಿ. ಒಂದು ಫ್ಯೂಚರ್‌ನಲ್ಲಿ 18,000 ಲಾಭ, ಇನ್ನೊಂದರಲ್ಲಿ 26,500 ನಷ್ಟ. ಒಂದು ಕಾಲ್ ಆಪ್ಷನ್‌ನಲ್ಲಿ (ಕೊಳ್ಳುವ ಹಕ್ಕು) 7,200 ಲಾಭ, ಒಂದು ಪುಟ್‌ನಲ್ಲಿ (ಮಾರುವ ಹಕ್ಕು) 9,300 ನಷ್ಟ. ಟರ್ನೋವರ್ 61,000. ನಿವ್ವಳ ನಷ್ಟ 10,600. ಈ ಎರಡೂ ಅಂಕಿ ಬೇಕು, ಆ್ಯಪ್‌ನ ಪರದೆ ಮೊದಲು ತೋರಿಸುವುದು ಎರಡನೆಯದನ್ನು ಮಾತ್ರ. ಆಪ್ಷನ್ ಮಾರಿದಾಗ ಬಂದ ಬೆಲೆಯನ್ನು, ಅಂದರೆ ಪ್ರೀಮಿಯಂ ಅನ್ನು, ಮತ್ತೆ ಬೇರೆಯಾಗಿ ಸೇರಿಸುವ ಹಳೆಯ ಪದ್ಧತಿಯಿತ್ತು. ಪ್ರೀಮಿಯಂ ಲಾಭ-ನಷ್ಟದ ಲೆಕ್ಕದಲ್ಲಿ ಆಗಲೇ ಸೇರಿದ್ದರೆ ಮತ್ತೆ ಸೇರಿಸಬೇಕಿಲ್ಲ ಎಂದು ಆ ಮಾರ್ಗದರ್ಶನದ 2022ರ ಪರಿಷ್ಕೃತ ಆವೃತ್ತಿ ಸ್ಪಷ್ಟಪಡಿಸಿತು. ಮಾರ್ಚ್ 31ರಂದು ತೆರೆದಿದ್ದ ಪೊಸಿಷನ್‌ನ ಟರ್ನೋವರ್ ಅದನ್ನು ಸ್ಕ್ವೇರ್ ಆಫ್ ಮಾಡಿದ (ಎದುರು ವಹಿವಾಟಿನಿಂದ ಮುಗಿಸಿದ) ವರ್ಷಕ್ಕೆ ಸೇರುತ್ತದೆ.

ಈ ಅಂಕಿಯಿಂದ ಏನು ತೀರ್ಮಾನವಾಗುತ್ತದೆ? 1961ರ ಕಾಯ್ದೆಯಡಿ, ಹಿಂದಿನ ಮೂರು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ವ್ಯಾಪಾರದ ಟರ್ನೋವರ್ 25 ಲಕ್ಷ ಅಥವಾ ವ್ಯಾಪಾರದ ಆದಾಯ ಎರಡೂವರೆ ಲಕ್ಷ ದಾಟಿದ್ದರೆ ಲೆಕ್ಕಪುಸ್ತಕ ಕಡ್ಡಾಯ. ಇಡದಿದ್ದರೆ 25,000 ರೂಪಾಯಿ ದಂಡ. ವಹಿವಾಟೆಲ್ಲ ಬ್ಯಾಂಕ್ ಮೂಲಕವೇ ಆಗುವುದರಿಂದ ತೆರಿಗೆ ಆಡಿಟ್‌ನ ಸಾಮಾನ್ಯ ಮಿತಿ 10 ಕೋಟಿ, ಅದನ್ನು ಮುಟ್ಟುವ ಸಣ್ಣ ಟ್ರೇಡರ್ ವಿರಳ. ಆದರೆ ಹಿಂದೆ ಯಾವಾಗಲಾದರೂ ಸೆಕ್ಷನ್ 44ಎಡಿ ಅಡಿ ಅಂದಾಜು ಲಾಭ ತೋರಿಸಿದ್ದವರಿಗೆ ಬೇರೆ ನಿಯಮ ತಗಲುತ್ತದೆ. ಅಂಥವರು ತಾವೇ ಫಾರಂ ತುಂಬದೆ ಲೆಕ್ಕಪರಿಶೋಧಕರನ್ನು ಕಾಣಲಿ.

ಖರ್ಚು ಬಿಡಬೇಡಿ

ಬ್ರೋಕರೇಜ್, ವಿನಿಮಯ ಕೇಂದ್ರದ ಶುಲ್ಕ, ಸೆಬಿ ಶುಲ್ಕ, ಸ್ಟ್ಯಾಂಪ್ ಸುಂಕ, ಜಿಎಸ್‌ಟಿ ಎಲ್ಲವೂ ಕಾಂಟ್ರ್ಯಾಕ್ಟ್ ನೋಟ್‌ನ ಕೆಳಗೆ ಇರುತ್ತವೆ. ಎಸ್‌ಟಿಟಿ, ಅಂದರೆ ಷೇರು ವಹಿವಾಟು ತೆರಿಗೆಯೂ ಅಲ್ಲಿದೆ. ಷೇರಿನ ಬಂಡವಾಳ ಲಾಭದ ಲೆಕ್ಕದಲ್ಲಿ ಎಸ್‌ಟಿಟಿ ಕಳೆಯಲು ಬರುವುದಿಲ್ಲ, ವ್ಯಾಪಾರದ ಆದಾಯವಾದ ಎಫ್ ಆ್ಯಂಡ್ ಒದಲ್ಲಿ ಬರುತ್ತದೆ. ಟ್ರೇಡಿಂಗ್‌ಗೆಂದೇ ಬಳಸಿದ ಇಂಟರ್ನೆಟ್, ಡೇಟಾ ಚಂದಾ ಕೂಡ ಖರ್ಚೇ, ಬಿಲ್ ಇರಬೇಕು ಅಷ್ಟೆ. ಮನೆಮಂದಿಯೆಲ್ಲ ಬಳಸುವ ಬ್ರಾಡ್‌ಬ್ಯಾಂಡ್ ಬಿಲ್ ಪೂರ್ತಿ ಹಾಕಬೇಡಿ, ನ್ಯಾಯವಾದ ಪಾಲು ಹಾಕಿ.

ಯಾವ ಫಾರಂ, ಯಾವ ಪದ್ಧತಿ

ನಿಜ ಲೆಕ್ಕದ ಮೇಲೆ ಎಫ್ ಆ್ಯಂಡ್ ಒ ತೋರಿಸುವ ವ್ಯಕ್ತಿಗೆ ಐಟಿಆರ್-3. ಸಂಬಳವೂ ಇದ್ದರೆ ಅದೂ ಇದರಲ್ಲೇ ಬರುತ್ತದೆ. ಇಲ್ಲಿ ನೌಕರರು ಗಮನಿಸದ ಒಂದು ಬಲೆಯಿದೆ. ಸಂಬಳ ಮಾತ್ರ ಇರುವವರು ಪ್ರತಿ ವರ್ಷ ಹಳೆಯ ಅಥವಾ ಹೊಸ ತೆರಿಗೆ ಪದ್ಧತಿಯನ್ನು ರಿಟರ್ನ್ಸ್‌ನಲ್ಲೇ ಆರಿಸಿಕೊಳ್ಳಬಹುದು. ವ್ಯಾಪಾರದ ಆದಾಯ ಇದ್ದವರು ಹಳೆಯ ಪದ್ಧತಿ ಬೇಕೆಂದರೆ ಗಡುವಿನೊಳಗೆ ಫಾರಂ 10-ಐಇಎ ಸಲ್ಲಿಸಬೇಕು, ಅದನ್ನು ಹಿಂತೆಗೆಯಲು ಒಂದೇ ಅವಕಾಶ. ಒಂದೆರಡು ಲಾಟ್ ಆಪ್ಷನ್ ಕೊಂಡು ಈ ಫಾರಂ ಹಾಕದ ತಪ್ಪಿಗೆ, ಹಳೆಯ ಪದ್ಧತಿಯ ಗೃಹಸಾಲದ ಬಡ್ಡಿಯ ವಿನಾಯಿತಿ ಕಳೆದುಕೊಂಡವರನ್ನು ಕಂಡಿದ್ದೇನೆ.

ಆ ವರ್ಷದ ಎಫ್ ಆ್ಯಂಡ್ ಒ ನಷ್ಟವನ್ನು ಬಾಡಿಗೆ, ಬ್ಯಾಂಕ್ ಬಡ್ಡಿ, ಬಂಡವಾಳ ಲಾಭದ ಎದುರಿಗೆ ಕಳೆಯಬಹುದು, ಸಂಬಳದ ಎದುರಿಗೆ ಮಾತ್ರ ಆಗದು. ಉಳಿದದ್ದು ಮುಂದಿನ ಎಂಟು ವರ್ಷ ವ್ಯಾಪಾರದ ಲಾಭದ ಎದುರಿಗೆ. ಲಾಭದಲ್ಲಿರುವವರು, ವರ್ಷದ ತೆರಿಗೆ 10,000 ಮುಟ್ಟುವಂತಿದ್ದರೆ, ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15ರ ಮುಂಗಡ ತೆರಿಗೆಯ ಕಂತುಗಳನ್ನು ಮರೆಯಬಾರದು. ಆದಾಯ ತೆರಿಗೆ ಪೋರ್ಟಲ್‌ನ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ತೆರೆದು ನೋಡಿ, ಆದರೆ ಅದರಲ್ಲಿ ಕಾಣದ ವಹಿವಾಟನ್ನು ತೋರಿಸಬೇಕಿಲ್ಲ ಎಂದುಕೊಳ್ಳಬೇಡಿ.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ ಅಲ್ಲಿಂದ ಮುಂದಿನ ಆದಾಯಕ್ಕೆ ಸೆಕ್ಷನ್ ಸಂಖ್ಯೆಗಳು ಬೇರೆ. ಮಾರ್ಚ್ 2026ರವರೆಗಿನ ಆದಾಯಕ್ಕೆ ಇಲ್ಲಿ ಹೇಳಿದ ಹಳೆಯ ಸಂಖ್ಯೆಗಳೇ.

ಗಡುವಿನ ದಿನಾಂಕವನ್ನು ನೆನಪಿನಿಂದ ಹೇಳದೆ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. 2025ರಲ್ಲಿ ಆಡಿಟ್ ಇಲ್ಲದವರ ಗಡುವು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಮತ್ತೆ 16ಕ್ಕೆ ಹೋಯಿತು. ಇನ್ನು, ಸಲ್ಲಿಸಿದ ದಿನವೇ ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಮಾಡಿ. ಅದಕ್ಕೆ ಇರುವುದು 30 ದಿನ. ಅದು ದಾಟಿದರೆ ವೆರಿಫೈ ಮಾಡಿದ ದಿನವನ್ನೇ ಸಲ್ಲಿಕೆಯ ದಿನವೆಂದು ಎಣಿಸುತ್ತಾರೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ, ವರ್ಷವಿಡೀ ಜೋಪಾನ ಮಾಡಿದ ನಷ್ಟ ಒಂದು ಒಟಿಪಿಗಾಗಿ ಕೈಬಿಟ್ಟು ಹೋಗುತ್ತದೆ.